ಪಾಳಣಾ, ತಿಂಗಳಿಗೆ ಸಾವಿರದ ಎಂಟುನೂರು

ಸೊರಡಿ
ಶುಕ್ರವಾರ, 28 ನವೆಂಬರ್ 2025

ಮಹಾಂತ ಅವರಿಗೆ,

ರಾತ್ರಿ ಎರಡು ಇಪ್ಪತ್ತಕ್ಕೆ ಎಚ್ಚರವಾಯಿತು. ಕೂಸು ಅತ್ತಿರಲಿಲ್ಲ, ತೊಟ್ಟಿಲ ಕೊಂಡಿ ಕಿರ್ರೆಂದಿತ್ತು. ಅವ್ವ ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗುತ್ತಾಳೆ. ನಿದ್ದೆಯಲ್ಲಿಯೇ ಅವಳ ಕಾಲು ಆಡುತ್ತದೆ, ತೊಟ್ಟಿಲು ತೂಗುತ್ತದೆ. ಕಾಲು ನಿಂತರೂ ನನಗೆ ಎಚ್ಚರ, ಆಡಿದರೂ ಎಚ್ಚರ. ಹೆರಿಗೆಯಾದ ಮೇಲೆ ತವರಿನ ಈ ನಾಲ್ಕು ತಿಂಗಳು ನಾನು ಮಲಗಿದ್ದು ಹೀಗೆ.

ಹೆಸರು ಹಿಡಿದು ಬರೆದಳಲ್ಲ ಎಂದು ಸಿಟ್ಟಾಗಬೇಡಿ. ಮದುವೆಯಾಗಿ ಹದಿನೆಂಟು ತಿಂಗಳಲ್ಲಿ ನಿಮ್ಮನ್ನು 'ರೀ' ಎಂದಲ್ಲದೆ ಬೇರೆ ಕರೆದವಳಲ್ಲ. ಮೇಲೆ ನಿಮ್ಮ ಹೆಸರು ಇರಲೇಬೇಕಿತ್ತು. ಯಾಕೆಂದು ಕಡೆಗೆ ಹೇಳುತ್ತೇನೆ.

ನಿದ್ದೆ ಹೋದ ಮೇಲೆ, ಹೋದ ಭಾನುವಾರ ನೀವು ನಿಮ್ಮೂರು ಕರಜಗಿಯಿಂದ ಬಂದಾಗ ಬರೆದಿಟ್ಟ ಯಾದಿಯನ್ನು ತೆಗೆದುಕೊಂಡು ಕುಳಿತೆ. ನಮ್ಮದೇ ಮದುವೆಯ ಉಳಿದ ಕಾರ್ಡು, ಅದರ ಹಿಂಬದಿಗೆ ನಾವು ಜತ್ತದಲ್ಲಿ ಹಿಡಿಯಬೇಕೆಂದಿರುವ ಬಾಡಿಗೆ ಮನೆಯ ಲೆಕ್ಕ. ಎಡಗಡೆ ಒಂದೇ ಸಲ ಆಗುವ ಖರ್ಚು, ಬಲಗಡೆ ತಿಂಗಳ ಖರ್ಚು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೀವು ಮರಾಠಿಯಲ್ಲಿ ಬರೆಯುತ್ತಿದ್ದಿರಿ. ಅವ್ವ ಎದುರಿಗೆ ಕುಳಿತು ಪ್ರತಿಯೊಂದಕ್ಕೂ ಬಾಯಿ ಹಾಕುತ್ತಿದ್ದಳು. ನೀವು ಕಿರಕೋಳ ಐದುನೂರು ಎಂದು ಓದಿದಾಗ, "ಕಿರಕೋಳ ಅಂದ್ರ ಏನೇನ್ರಿ?" ಎಂದು ಕೇಳಿದಳು. "ಈಗ ನೆನಪಾಗಲಾರದ್ದೆಲ್ಲಾ ರೀ ಅತ್ತಿ" ಎಂದಿರಿ. ಅದಕ್ಕವಳು, "ಹಂಗಾರ ಐದನೂರು ಎಲ್ಲಿ ಸಾಕಾಗತೈತ್ರಿ? ನೆನಪಾಗಲಾರದ್ದs ಭಾಳ ಇರತೈತಿ" ಎಂದು ನಕ್ಕಿದ್ದಳು.

ಆಮೇಲೆ ನಾನು ಬಗ್ಗಿ, ನಿಮ್ಮ ಕೈಯ ಮರೆಯಲ್ಲಿ ಕಂಡಷ್ಟನ್ನು 'ಪಾಳಣಾ' ಎಂದು ಓದಿದೆ. ತೊಟ್ಟಿಲು ಎಂದುಕೊಂಡೆ. "ತೊಟ್ಟಲಾ ಯಾಕ ಕೊಳ್ಳಾಕ ಹತ್ತೀರಿ? ನಾ ಆಡಿದ್ದs ಐತಿ, ಒಯ್ದರ ಆತು" ಎಂದೆ. ನೀವು ಅದರ ಮೇಲೆ ಹೆಬ್ಬೆರಳು ಇಟ್ಟು, "ಅದ ಇರ್ಲಿ ಬಿಡ, ಆಮ್ಯಾಲ ಹೇಳ್ತೀನಿ" ಎಂದಿರಿ. ಅಷ್ಟರಲ್ಲಿ ಕೂಸಿನ ಜೊಲ್ಲು ಕಾರ್ಡಿನ ಮೇಲೆ ಬಿತ್ತು, ನೀವು ಒರೆಸಿದಿರಿ, ಮಾತು ಅಲ್ಲಿಗೇ ನಿಂತಿತು.

ಈಗ ಕೂಡಿಸುತ್ತ ಹೋದರೆ ಲೆಕ್ಕ ತಾಳೆಯಾಗಲಿಲ್ಲ. ಕೊನೆಗೆ ನೀವು ಶಿಲ್ಲಕು 200 ಎಂದು ಬರೆದಿದ್ದೀರಿ, ನನಗೆ 2,000 ಉಳಿಯಿತು. ಅವಸರದಲ್ಲಿ ಒಂದು ಸೊನ್ನೆ ಬಿಟ್ಟಿದ್ದೀರಿ ಎಂದುಕೊಂಡೆ. ಖುಷಿಯೂ ಆಯಿತು, ಎರಡು ಸಾವಿರ ಉಳಿಯುವ ಮನೆ ಎಂದರೆ ಸಣ್ಣದಲ್ಲ. ಮತ್ತೊಮ್ಮೆ ಕೂಡಿಸಿದೆ. ಆಗ ಗೊತ್ತಾಯಿತು, ತೊಟ್ಟಿಲು ಒಂದೇ ಸಲ ಕೊಳ್ಳುವ ಸಾಮಾನೆಂದು ನಾನು ಅದರ ಸಾವಿರದ ಎಂಟುನೂರನ್ನು ಎಡಗಡೆಗೆ ಸೇರಿಸಿದ್ದೆ. ನೀವು ಬರೆದದ್ದು ಬಲಗಡೆಗೆ, ಬಾಡಿಗೆ, ಕಿರಾಣಿ, ಲೈಟ್ ಬಿಲ್ಲಿನ ಸಾಲಿನಲ್ಲಿ. ತೊಟ್ಟಿಲನ್ನು ತಿಂಗಳಾ ತಿಂಗಳಾ ಯಾರು ಕೊಳ್ಳುತ್ತಾರೆ? ಮೊಬೈಲ್ ಟಾರ್ಚನ್ನು ಕಾರ್ಡಿನ ಹಿಂದೆ ಹಿಡಿದೆ. ಜೊಲ್ಲಿಗೆ ಹರಡಿದ ನೀಲಿ ಕಲೆಯೊಳಗೆ ಇನ್ನೂ ಎರಡು ಅಕ್ಷರ ಕಂಡವು. ಪಾಳಣಾಘರ.

ಜತ್ತದಲ್ಲಿ ನಿಮ್ಮ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಸುಮನಬಾಯಿ ನಡೆಸುತ್ತಾರಲ್ಲ, ಕೆಲಸಕ್ಕೆ ಹೋಗುವ ಅವ್ವಂದಿರು ಮಕ್ಕಳನ್ನು ಬಿಟ್ಟು ಹೋಗುವ ಮನೆ, ಅದು. ದಿನಕ್ಕೆ ನಾಲ್ಕು ತಾಸು ಬಿಟ್ಟರೆ ಅವರು ತಿಂಗಳಿಗೆ ತೆಗೆದುಕೊಳ್ಳುವುದು ಅಷ್ಟೇ.

ಎಡಗಡೆಯ ಇನ್ನೊಂದು ಸಾಲೂ ಆಗಲೇ ತಿಳಿಯಿತು. 'ಫೀ, 3,400.' ಅದನ್ನು ಬಾಡಿಗೆ ಕರಾರು ಮಾಡಿಸುವ ಫೀ ಎಂದುಕೊಂಡಿದ್ದೆ. ಅದು ನನ್ನ ಪರೀಕ್ಷೆಯದು. ಬಸುರಿ ಎಂದು ತಿಳಿದ ದಿನ ಕರಜಗಿಯ ಮಾಳಿಗೆಯ ಮೇಲೆ ನಿಂತು ನಾನು ನಗುತ್ತಲೇ ಹೇಳಿದ್ದೆ: "ಎಮ್ಮಿ ಔಷಧ ನೀವು ಮಾರಕೋತ ಇರ್ರಿ, ನನ್ನ ಎಂ.ಎ. ಪರೀಕ್ಷಾ ಇಲ್ಲಿಗಿ ಮುಗೀತು." ನೀವೂ ನಕ್ಕಿರಿ. ಮರೆತಿದ್ದೀರಿ ಎಂದುಕೊಂಡಿದ್ದೆ. ದನಕರುಗಳ ಔಷಧ ಮಾರಿ ತಿಂಗಳಿಗೆ ಹದಿನಾಲ್ಕೂವರೆ ಸಾವಿರ ತರುವವರು, ನನಗೆ ಒಂದು ಮಾತು ಹೇಳದೆ, ಓದಲಿಕ್ಕೆಂದು ದಿನಕ್ಕೆ ನಾಲ್ಕು ತಾಸು ಖರೀದಿ ಮಾಡಿ ಇಟ್ಟಿದ್ದೀರಿ.

ಇದನ್ನು ಓದಿ ಕಣ್ಣು ತುಂಬಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಮೊದಲು ಆದದ್ದು ಅದಲ್ಲ. ಮೊದಲು ನನಗೆ ಹಾಯೆನಿಸಿತು. ದಿನಕ್ಕೆ ನಾಲ್ಕು ತಾಸು ಈ ಕೂಸು ಬೇರೆಯವರ ಕೈಯಲ್ಲಿರುತ್ತದೆ, ಆ ನಾಲ್ಕು ತಾಸು ನನ್ನಿಂದ ಅದಕ್ಕೆ ಏನೂ ಆಗುವುದಿಲ್ಲ ಎಂದು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು. ಯಾಕೆ ಹಾಗೆನಿಸಿತು ಎಂದು ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ.

ಹೋದ ವಾರದ ಬುಧವಾರ. ಅವ್ವ ಯಳವಿ ಊರಿನ ಮದುವೆಗೆ ಹೋಗಿದ್ದಳು. ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಮನೆಯಲ್ಲಿ ನಾವಿಬ್ಬರೇ. ಊಟದ ಹೊತ್ತಿಗೆ ಅಳಲು ಶುರು ಮಾಡಿದ ಕೂಸು ನಿಲ್ಲಿಸಲೇ ಇಲ್ಲ. ಹಾಲು ಕೊಟ್ಟೆ, ಬಟ್ಟೆ ಬದಲಿಸಿದೆ, ಹೊಟ್ಟೆಗೆ ಎಣ್ಣೆ ಹಚ್ಚಿದೆ, ಹೆಗಲ ಮೇಲೆ ಹಾಕಿಕೊಂಡು ತಿರುಗಾಡಿದೆ. ಆಮೇಲೆ ನನಗೆ ಏನಾಯಿತೋ. ಅದನ್ನು ತೊಟ್ಟಿಲಲ್ಲಿ ಹಾಕಿದೆ. ಹೊರಗಿನಿಂದ ಚಿಲಕ ಹಾಕಿದೆ. ನಡೆದೆ. ಕಣಿಕೆಯ ಬಣವೆ ದಾಟಿ, ಬದುವಿನ ಬೇವಿನ ಮರದವರೆಗೂ ಹೋದೆ. ಅಳು ಕೇಳಿಸದಷ್ಟು ದೂರ ಹೋಗಿ ಕುಳಿತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಫೋನು ಒಯ್ದಿರಲಿಲ್ಲ. ಹಾಲು ಸೋರಿ ಎದೆಯೆಲ್ಲ ಒದ್ದೆಯಾದಾಗ ಬೆಚ್ಚಿಬಿದ್ದು ಓಡಿದೆ. ಕೂಸು ಅತ್ತೂ ಅತ್ತೂ ಮಲಗಿತ್ತು. ನಿದ್ದೆಯಲ್ಲಿಯೂ ಬಿಕ್ಕುತ್ತಿತ್ತು. ಹೊದಿಕೆಯ ಅಂಚು ಮುಷ್ಟಿಯಲ್ಲಿತ್ತು.

ಆ ಸಂಜೆ ನೀವು ಫೋನ್ ಮಾಡಿ ಕೂಸು ಏನು ಮಾಡುತ್ತಿದೆ ಎಂದು ಕೇಳಿದಿರಿ. "ಎಲ್ಲಾ ಚಲೋ ಐತ್ರಿ, ಮಲಗೈತಿ" ಎಂದೆ. ಮಲಗಿದ್ದು ನಿಜವೇ ಇತ್ತು.

ಈಗ ಮನೆಯ ಮಾತಿಗೆ ಬರುತ್ತೇನೆ. ಕೂಸಿಗೆ ಸೂಜಿ ಹಾಕಿಸಲು ಜತ್ತಕ್ಕೆ ಹೋದ ದಿನ ನಾವು ಎರಡು ಮನೆ ನೋಡಿದೆವು. ವಿಜಯಪುರ ರಸ್ತೆಯ ಹೊಸ ಪ್ಲಾಟಿನ ಮೂರನೆಯ ಮಾಳಿಗೆ, ಬಾಡಿಗೆ 2,800. ಕೆಳಗಿನ ಎರಡೂ ಮಾಳಿಗೆಗೆ ಬೀಗ, ಅಕ್ಕಪಕ್ಕ ಖಾಲಿ ಜಾಗ. ಬಾಗಿಲು ತೆರೆದರೆ ಬಯಲು ತಾರಸಿಯ ಗಚ್ಚು, ಗಚ್ಚಿಗೆ ಮೊಣಕಾಲೆತ್ತರದ ಗೋಡೆ. ಇನ್ನೊಂದು ಪೇಟೆಯ ಹಿಂದಿನ ಶಾಂತಾದೇವಿಯವರ ವಾಡೆ, ಬಾಡಿಗೆ 4,200. ಒಂದೇ ಅಂಗಳದ ಸುತ್ತ ನಾಲ್ಕು ಬಿಡಾರ, ಎಲ್ಲರಿಗೂ ಒಂದೇ ನಲ್ಲಿ. ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದ ಶಾಂತಾದೇವಿ ನನ್ನ ಹೆಸರೂ ಕೇಳದೆ ಕೈ ಚಾಚಿದರು: "ಏ ಹುಡುಗಿ, ಕೂಸು ಇಲ್ಲಿ ಕೊಡ. ನೀ ಒಳಗ ಹೋಗಿ ಮನಿ ನೋಡಿ ಬಾ. ಭಾಡಿಗಿ ಏನ್ ಕೂಸು ಕೊಡೂದ ಐತೇನ?" ನಾವು ಹೊರಗೆ ಬರುವಷ್ಟರಲ್ಲಿ ಕೂಸು ಮೂರು ಹೆಂಗಸರ ಕೈ ದಾಟಿತ್ತು. "ನಮ್ಮ ವಾಡೇದಾಗ ಯಾರ ಗಂಡ ಏನ್ ತಂದಾನ ಅನ್ನೂದು ಚೀಲ ಬಿಚ್ಚೂದರೊಳಗ ಗೊತ್ತಾಗತೈತಿ" ಎಂದು ಒಬ್ಬರು ನಕ್ಕರು. ನೀವು ನನ್ನ ಕಿವಿಯಲ್ಲಿ, "ಇಲ್ಲಿ ನಮ್ಮ ಜಗಳಾನೂ ಇವರಿಗೆ ಕೇಳಿ ಮಾಡಬೇಕಾಗತೈತಿ" ಎಂದಿರಿ.

ದಾರಿಯಲ್ಲಿ ಯಾವ ಮನೆ ಎಂದು ಕೇಳಿದಿರಿ. "ಮ್ಯಾಲಿನ ಮನೀನ ಇರ್ಲಿ, ನನಗ ಶಾಂತ ಇರಬೇಕು" ಎಂದೆ. ಸುಳ್ಳು ಹೇಳಿದೆ. ಆ ಸೋವಿ ಮನೆಯ ಬಾಡಿಗೆ ಕೇಳಿದಾಗ ನಿಮ್ಮ ಮುಖ ಹಗುರಾದದ್ದನ್ನು ಕಂಡಿದ್ದೆ, ಅದಕ್ಕೆ ಹಾಗೆಂದೆ. ಈಗ ನಿಮ್ಮ ಯಾದಿ ನೋಡಿ ತಿಳಿಯಿತು, ಪಾಳಣಾಘರದ ದುಡ್ಡು ಹೊಂದಿಸಬೇಕಾದರೆ ನಿಮಗೆ ಸೋವಿ ಮನೆಯೇ ಬೇಕಿತ್ತು. ನೀವು ನನಗೋಸ್ಕರ, ನಾನು ನಿಮಗೋಸ್ಕರ, ಇಬ್ಬರೂ ಕೂಡಿ ಮೂರನೆಯ ಮಾಳಿಗೆ ಹತ್ತಿದ್ದೇವೆ.

ಆ ಮನೆಯಲ್ಲಿ ನೀವು ಅಂಗಡಿಗೆ ಹೋದ ಮೇಲೆ ನಾನು ಮತ್ತು ಕೂಸು. ನಾಲ್ಕು ತಾಸು ಸುಮನಬಾಯಿ ನೋಡಿಕೊಂಡರೂ ಉಳಿದ ಹೊತ್ತು? ಅಲ್ಲಿ ಬೇವಿನ ಮರ ಇಲ್ಲ, ನಡೆದು ಹೋಗಲು ಬದುವಿಲ್ಲ. ಬಾಗಿಲಾಚೆ ಆ ಗಚ್ಚು ಒಂದೇ. ನನಗೆ ನನ್ನದೇ ಹೆದರಿಕೆ ರೀ. ಕೂಸನ್ನು ಕಂಡರೆ ಪ್ರೀತಿ ಇಲ್ಲವೆಂದಲ್ಲ. ಅದು ಉಸಿರಾಡುತ್ತಿದೆಯೇ ಎಂದು ರಾತ್ರಿಯಲ್ಲಿ ಹತ್ತು ಸಲ ಮೂಗಿನ ಹತ್ತಿರ ಬೆರಳು ಹಿಡಿಯುವವಳೂ ನಾನೇ. ಇದನ್ನು ಡಾಕ್ಟರಿಗೂ ಹೇಳಬೇಕು. ಒಬ್ಬಳೇ ಹೋದರೆ ನನ್ನ ಬಾಯಿಂದ ಬರುವುದಿಲ್ಲ, ನೀವು ಜೊತೆಗೆ ಬರಬೇಕು.

ಅದಕ್ಕೇ ಯಾದಿಯನ್ನು ತಿದ್ದಿದ್ದೇನೆ. ವಾಡೆಗೆ ಬಾಡಿಗೆ 1,400 ಹೆಚ್ಚು. ಫ್ರಿಜ್ಜಿನ ತಿಂಗಳ ಹಪ್ತೆ 1,350 ಬರೆದಿದ್ದೀರಲ್ಲ, ಅದನ್ನು ಹೊಡೆದು ಹಾಕಿದೆ. ನಮ್ಮ ರೊಟ್ಟಿ, ಶೇಂಗಾ ಹಿಂಡಿಗೆ ಫ್ರಿಜ್ಜು ಬೇಡ. ಉಳಿದ ಐವತ್ತು ನಿಮ್ಮ ಕಿರಕೋಳದಿಂದ ತೆಗೆದೆ, ಅವ್ವನಿಗೆ ಹೇಳಬೇಡಿ. ವಾಡೆಯ ಅನಾಮತ್ತು, ಮೊದಲೇ ಇಡುವ ಡಿಪಾಜಿಟ್ಟು, ಐದು ಸಾವಿರ ಜಾಸ್ತಿ, ಅದಕ್ಕೆ ಎಡಗಡೆಯ ಕಾಟು ತೆಗೆದೆ. ಇಬ್ಬರೂ ಕೂಸಿನ ಜೊತೆ ನೆಲಕ್ಕೇ ಮಲಗೋಣ. ತೊಟ್ಟಿಲನ್ನು ಇಲ್ಲಿಂದಲೇ ಟೆಂಪೋದಲ್ಲಿ ಹಾಕಿ, ಹಗ್ಗದ ಸಮೇತ. ಪಾಳಣಾಘರ ಇರಲಿ. ಫೀ ಕೂಡ ಇರಲಿ. ನಿಮ್ಮ ಆ ಎರಡು ಸಾಲಿನ ಮೇಲೆ ನಾನು ಪೆನ್ನು ಆಡಿಸಿಲ್ಲ. ಕೊನೆಗೆ ಶಿಲ್ಲಕು ಅದೇ 200.

ನಿನ್ನೆ ರಾತ್ರಿ ನೀವು ಫೋನಿನಲ್ಲಿ, "ನಾಳೆ ಮುಂಜಾನಿ ಏಳಕ್ಕ ಮ್ಯಾಲಿನ ಮನೀಗಿ ಇಸಾರ ಎರಡ ಸಾವಿರ ಕೊಡ್ತೀನಿ. ಕೊಟ್ಟದ್ದು ವಾಪಸ್ ಬರೂದಿಲ್ಲ ನೋಡ, ಮನಸ ಘಟ್ಟಿ ಐತಿಲ್ಲ?" ಎಂದು ಕೇಳಿದಿರಿ. ಅವ್ವ ಪಕ್ಕದಲ್ಲೇ ಇದ್ದಳು. ಆ ಮುಂಗಡಕ್ಕೆ ನಾನು "ಹೂಂ ರೀ" ಎಂದುಬಿಟ್ಟೆ.

ಆ ಹೂಂ ಅನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನಿಮ್ಮ ಫೋನು ರಾತ್ರಿಯೆಲ್ಲ ಬಂದ್ ಇರುತ್ತದೆ, ಐದಕ್ಕೆ ಎದ್ದು ಚಾಲೂ ಮಾಡುತ್ತೀರಿ. ಆಗ ಈ ಹಾಳೆಗಳ ಫೋಟೋ ಬಂದಿರುತ್ತದೆ. ನಾನೇ ಫೋನ್ ಮಾಡಬಹುದಲ್ಲ ಎನ್ನಬೇಡಿ. ನಾನು ಮಾಡಿದರೆ "ಚಹಾ ಆತೇನ್ರಿ" ಎಂದು ಕೇಳಿ ಇಟ್ಟುಬಿಡುತ್ತೇನೆ, ನನಗೆ ಗೊತ್ತು. ನೀವು ಮಾಡಿ.

ನಿಮ್ಮ
ಪ್ರಾಜಕ್ತಾ

ತಾ.ಕ.: ಮರಾಠಿಯಲ್ಲಿ ಬರೆಯಲು ಕುಳಿತಿದ್ದೆ, ನೀವು ಓದಿದ್ದು ಮರಾಠಿ ಶಾಲೆಯಲ್ಲಿ ಅಲ್ಲವೇ. ಎರಡು ಸಾಲು ಬರೆದೆ, ತಹಸೀಲ ಕಚೇರಿಗೆ ಕೊಡುವ ಅರ್ಜಿಯಂತಾಯಿತು, ಹರಿದೆ. ಬೇವಿನ ಮರದ ಮಾತು ನನಗೆ ಕನ್ನಡದಲ್ಲಿ ಮಾತ್ರ ಬರೆಯಲು ಬಂತು. ನೀವು ಇದನ್ನು ಓದಲಾರಿರಿ. ಮದುವೆಯಾದ ಹೊಸದರಲ್ಲಿ ನಾನು ಕಲಿಸಿದ್ದು ಮೂರೇ ಶಬ್ದ: ನಿಮ್ಮ ಹೆಸರು, ನನ್ನ ಹೆಸರು, 'ಮನಿ'. ಅದಕ್ಕೇ ನಿಮ್ಮ ಹೆಸರು ತಲೆಯಲ್ಲಿದೆ, ನನ್ನದು ಬುಡದಲ್ಲಿದೆ. ನಡುವೆ ನಾನು ಪುಸ್ತಕದವರಂತೆ 'ಮನೆ' 'ಮನೆ' ಎಂದು ಬರೆದಿದ್ದೇನೆ, ಅದು ನಿಮಗೆ ಹತ್ತುವುದಿಲ್ಲ. ಅಂಗಡಿಯ ವಿಜಯನಿಗೆ ಕನ್ನಡ ಬರುತ್ತದೆಂದು ಅವನ ಕೈಯಲ್ಲಿ ಕೊಡಬೇಡಿ, ಅವನು ಔಷಧದ ಚೀಟಿಯನ್ನೂ ಇಡೀ ಪೇಟೆಗೆ ಕೇಳುವಂತೆ ಓದುತ್ತಾನೆ. ಇದನ್ನು ನಾನೇ ನಿಮಗೆ ಓದಿ ಹೇಳಬೇಕು. ಫೋನು ಹಿಡಿದುಕೊಂಡು ಕುರಿದೊಡ್ಡಿಯ ಗೋಡೆಯ ಹತ್ತಿರ ನಿಂತಿರುತ್ತೇನೆ, ಅಲ್ಲಿ ಅವ್ವನಿಗೆ ಕೇಳಿಸುವುದಿಲ್ಲ. ಕೆಳಗಿನ ಸಾಲನ್ನು ಮಾತ್ರ ನಮ್ಮ ಮಾತಿನಲ್ಲಿ, ನಿಮ್ಮ ಮರಾಠಿ ಅಕ್ಷರದಲ್ಲಿ ದೊಡ್ಡದಾಗಿ ಬರೆಯುತ್ತಿದ್ದೇನೆ:

ಆ ಮನೀಗಿ ಇಸಾರ ಕೊಡಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ, ಬೆಳಗಾಗೂದರೊಳಗ ಒಂದs ಒಂದ ಫೋನ್ ಮಾಡ್ರಿ.