ಅಜ್ಜಿ ತಿನ್ನದ ಮೀನು

ವಾಸ್ವಾ,

ಬೇಯಿಸಿದ ಬಾಳೆಕಾಯಿ ಮಟೋಕೆ ಪಾತ್ರೆಯಲ್ಲಿದೆ, ಬಿಸಿ ಮಾಡಿಕೊ. ಬಿಳಿ ಅಂಗಿಗೆ ಇಸ್ತ್ರಿ ಹಾಕಿದ್ದೇನೆ. ಹತ್ತಕ್ಕೆ ಕಾಲೇಜಿನಲ್ಲಿ ನಿನ್ನ ಪ್ರಬಂಧದ ಬಗ್ಗೆ ವಿಚಾರಣೆ, ಎಂಟಕ್ಕೇ ಕಂಪಾಲಾ ಬಸ್ಸು ಹತ್ತು.

ಅದರಲ್ಲಿರುವ ಅಜ್ಜಿಯ ಸಂದರ್ಶನವನ್ನು ನಿನ್ನೆ ಅವರಿಗೇ ಓದಿ ಹೇಳಿದೆ. ಎಐ ಬರೆದುಕೊಟ್ಟಿದ್ದನ್ನು ನೀನು ಒಮ್ಮೆಯಾದರೂ ಓದಬಾರದಿತ್ತೇ? ಮದುವೆಯೂಟದಲ್ಲಿ ಮಂಬಾ ಮೀನು ತಿಂದೆನೆಂದು ಅಜ್ಜಿ ನೆನೆಯುತ್ತಾರಂತೆ. ಮಂಬಾ ಅವರ ಕುಲದ ಗುರುತು, ಆ ಕುಲದವರು ತಿನ್ನಬಾರದ ಮೀನು; ಅವರು ಜನ್ಮದಲ್ಲಿ ಅದನ್ನು ಬಾಯಿಗಿಟ್ಟವರಲ್ಲ. ಇಡೀ ಸಂದರ್ಶನದಲ್ಲಿ ನಿಜವಾದದ್ದು ಒಪ್ಪಿಗೆ ಪತ್ರದ ಮೇಲಿನ ಅವರ ಹೆಬ್ಬೆಟ್ಟು ಮಾತ್ರ.

ವಿಚಾರಣೆಯಲ್ಲಿ ಯಂತ್ರದ ಮೇಲೆ ತಪ್ಪು ಹೊರಿಸಬೇಡ. ಪ್ರಬಂಧದ ಕೆಳಗಿನ ಸಹಿ ನಿನ್ನದು.

ಅಜ್ಜಿಗೆ ಸಿಟ್ಟೇನೂ ಬರಲಿಲ್ಲ. "ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ. ಕಥೆ ಕೇಳೋಕೆ ಬರ್ತಾನೆ ಅಂತ ಮೂರು ಸಂಜೆ ಚಾಪೆ ಹಾಸ್ಕೊಂಡು ಕಾದೆ" ಅಂದರು, ಅಷ್ಟೆ.

ಅಕ್ಕ