ಮೂವತ್ತೆರಡು ಇಂಚು ಸಾಕು

ಅಪ್ಪನಿಗೆ,

ಟಿವಿ ಚಿಕ್ಕದೇ ತೆಗೆದುಕೊಳ್ಳೋಣ. ಕೊಟ್ಟ ಬೆಲೆಗೆ ಮೋಸವಿಲ್ಲದ ಮಾಲು ಅದೇ, ನಮ್ಮ ಕೋಣೆಗೂ ಮೂವತ್ತೆರಡು ಇಂಚು ಸಾಕು. ನಿನ್ನೆ ಅಂಗಡಿಯಲ್ಲಿ ನೀವು ಮನೆಯಲ್ಲಿ ಕೂರುವಷ್ಟೇ ದೂರಕ್ಕೆ ಕುರ್ಚಿ ಹಾಕಿಸಿಕೊಂಡು, "ಇದೂ ಮಸುಕು, ಇನ್ನೂ ದೊಡ್ಡದು ತೋರ್ಸಪ್ಪ" ಅನ್ನುತ್ತಲೇ ಹೋದಿರಿ. "ಯಜಮಾನ್ರೇ, ಇದಕ್ಕಿಂತ ದೊಡ್ಡದು ಬೇಕಂದ್ರೆ ಟಾಕೀಸನ್ನೇ ಕೊಂಡ್ಕೊಳ್ಳಿ" ಅಂದ ಅಂಗಡಿಯವನು. ನೀವೂ ನಕ್ಕಿರಿ. ಆ ಪರದೆಯ ಕೆಳಗೆ ಓಡುತ್ತಿದ್ದ ಸುದ್ದಿಯನ್ನು ನಾನು ಬಾಗಿಲ ಬಳಿಯಿಂದಲೇ ಓದುತ್ತಿದ್ದೆ. ನೀವು ಮಾತ್ರ, "ಕೆಳಗೊಂದು ಪಟ್ಟಿ ಇದ್ಯಲ್ಲ, ಅದೇನು ಡಿಸೈನಾ?" ಎಂದು ನನ್ನ ಕಿವಿಯಲ್ಲಿ ಕೇಳಿದಿರಿ.

ಆಮೇಲೆ ಶಾಲೆಯ ವ್ಯಾನು ಓಡಿಸಿಕೊಂಡು ಮನೆಗೆ ಬಂದಿರಿ. ಪಕ್ಕದಲ್ಲಿ ಕೂತಿದ್ದ ನಾನು ದಾರಿಯುದ್ದಕ್ಕೂ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅದೇ ವ್ಯಾನಿನಲ್ಲಿ ದಿನವೂ ತಂಗಿ ಕೂರುತ್ತಾಳೆ, ಊರವರ ಮಕ್ಕಳು ಕೂರುತ್ತಾರೆ.

ಅಮ್ಮ ಇದನ್ನು ನಿಮಗೆ ಓದಿ ಹೇಳುತ್ತಾಳೆ. ವ್ಯಾನಿನ ಕೀ ನನ್ನ ಹತ್ತಿರ ಇದೆ. ಕದ್ದಿದ್ದೇ, ಸುಳ್ಳು ಹೇಳುವುದಿಲ್ಲ. ಇವತ್ತು ವ್ಯಾನು ಬರುವುದಿಲ್ಲವೆಂದು ಮಕ್ಕಳ ಮನೆಗಳಿಗೆ ಹೇಳಿಬಂದಿದ್ದೇನೆ. ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿರುತ್ತೇನೆ. ಹೊಡೆಯುವುದಿದ್ದರೆ ಅಲ್ಲೇ ಹೊಡೆಯಿರಿ, ಆದರೆ ಬನ್ನಿ.

ಇತಿ,
ಶಾಲೆ ಬಿಟ್ಟ ನಿಮ್ಮ ಮಗ