ಒಗೆಯುವ ಕಲ್ಲಿನ ಬಿಳಿ ಗೆರೆ

ಹದಿನಾಲ್ಕನೇ ತಾರೀಖು, ಮಂಗಳವಾರ

ಹಿತ್ತಲಿನ ಒಗೆಯುವ ಕಲ್ಲನ್ನು ಒಡೆಯಲು ಬಿಡುವುದೋ ಬೇಡವೋ, ತಲೆ ಕೆಟ್ಟುಹೋಗಿದೆ. ಕಲ್ಲುಗಳ ವಿಷಯವನ್ನೇ ಓದುತ್ತಿರುವ ಮೊಮ್ಮಗಳು ಅದರ ಬಿಳಿ ಗೆರೆ ನೋಡಿ ಕುಣಿದಾಡಿದಳು.

“ಅಜ್ಜಿ, ಇದು ಸಮುದ್ರದ ತಳದಲ್ಲಿ ಉಕ್ಕಿದ ಬೆಂಕಿ ಆರಿ ಆದ ಕಲ್ಲು. ಆಮೇಲೆ ಈ ಬಿಳಿ ಗೆರೆ ಇರೋ ಬಿರುಕಿನೊಳಗೆ ಬಿಸಿನೀರು ನುಗ್ಗಿ ಚಿನ್ನ ಬಿಟ್ಟುಹೋಗಿರಬಹುದು. ಒಡೆದು ನೋಡ್ಲಾ?”

“ಇಲ್ಲಿ ಸಮುದ್ರ ಯಾವಾಗಿತ್ತೇ? ನಾನೂ ಅದರ ಮೇಲೆ ಬಿಸಿನೀರು ಸುರಿದಿದ್ದೀನಿ, ಗುಲಗಂಜಿಯಷ್ಟೂ ಬಿಟ್ಟುಹೋಗ್ಲಿಲ್ವಲ್ಲ!”

“ಆಗ ನೀನೂ ಹುಟ್ಟಿರ್ಲಿಲ್ಲ ಬಿಡು,” ಅಂದಳು ತರಲೆ.

ಬೆಂಕಿಯೂ ನೀರೂ ಒಂದೇ ಕಲ್ಲಿನಲ್ಲಿ ಹೇಗೆ ಸಂಸಾರ ಮಾಡಿದವೋ, ನನಗಂತೂ ತಿಳಿಯದು. ಅವಳಪ್ಪನ ಲಂಗೋಟಿಯಿಂದ ಅವಳ ಲಂಗದವರೆಗೆ ಅದರ ಮೇಲೇ ಒಗೆದಿದ್ದೇನೆ. ಒಡೆದು ಏನೂ ಸಿಗದಿದ್ದರೆ ಅವಳ ಮುಖ ನೋಡಲಾಗದು. ಸಿಕ್ಕರೆ ಕಲ್ಲಿನ ಚೂರೂ ಉಳಿಯದು. ಬೆಳಗ್ಗೆ ಸುತ್ತಿಗೆ ಹಿಡಿದು ಬರುತ್ತಾಳಂತೆ. ಈಗಲೇ ಎದ್ದು ಮನೆಯ ಹೊದಿಕೆಗಳನ್ನೆಲ್ಲ ನೆನೆಹಾಕುತ್ತೇನೆ. ಅವನ್ನು ಒಗೆದು ಮುಗಿಸುವವರೆಗಾದರೂ…